ವಿಶ್ವ ಬ್ಯಾಂಕಿನ ಹಣ ಕಾಸರಗೋಡು ನಗರಸಭೆಯ ಗಡಿಯಲ್ಲೇ ಏಕೆ ನಿಲ್ಲುತ್ತದೆ?

ಕೇರಳ–ಕರ್ನಾಟಕ ಗಡಿಯ ತಲಪಾಡಿಯ ಆಚೆಗಿನ ಕೋಟೆಕಾರು ಕರ್ನಾಟಕದ ಕಾನೂನಿನ ಲೆಕ್ಕದಲ್ಲಿ ಪಟ್ಟಣ. ಅಲ್ಲಿ ಪಟ್ಟಣ ಪಂಚಾಯತ್ ಇದೆ. ಈಚೆಗೆ, ಕಾಸರಗೋಡು ಜಿಲ್ಲೆಯ ಉಪ್ಪಳ ಕೇರಳದ ಕಾನೂನಿನ ಲೆಕ್ಕದಲ್ಲಿ ಹಳ್ಳಿ. ಅದು ಮಂಗಲ್ಪಾಡಿ ಗ್ರಾಮ ಪಂಚಾಯತಿಗೆ ಸೇರಿದ್ದು. ಸಂಜೆಯ ಹೊತ್ತು ಉಪ್ಪಳ ಪೇಟೆಯಲ್ಲಿ ರಸ್ತೆ ದಾಟಲು ಕಾದು ನಿಂತವರಿಗೆ ಇದು ತಮಾಷೆಯಾಗಿ ಕೇಳಿಸಬಹುದು. ಆದರೆ ಕೇರಳದ ನಗರಗಳಿಗೆಂದು ಹೊರದೇಶದ ಬ್ಯಾಂಕುಗಳು ಕೊಡುವ ಹಣ ಈ ವಿಂಗಡಣೆಯನ್ನು ನೋಡಿಕೊಂಡೇ ಹಂಚಿಕೆಯಾಗುತ್ತದೆ. ಚಂದ್ರಗಿರಿ ಹೊಳೆಯ ಉತ್ತರಕ್ಕೆ ನಾವು ಪೇಟೆ ಎಂದು ಕರೆಯುವ ಹೊಸಂಗಡಿ, ಕುಂಬಳೆ, ಬದಿಯಡ್ಕ, ಉಪ್ಪಳಗಳೆಲ್ಲ ಆ ಹಂಚಿಕೆಯ ಹೊರಗೆ ಉಳಿಯುತ್ತವೆ.

ಜನಗಣತಿ ಇಲಾಖೆಯ ಅಳತೆಗೋಲು ಬೇರೆ. ಒಂದು ಊರಿನಲ್ಲಿ ಕನಿಷ್ಠ 5,000 ಜನರಿದ್ದು, ಚದರ ಕಿಲೋಮೀಟರಿಗೆ 400 ಜನರಾದರೂ ವಾಸವಿದ್ದು, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿದ್ದರೆ ಅದನ್ನು ‘ಜನಗಣತಿ ಪಟ್ಟಣ’ ಎಂದು ಗುರುತಿಸುತ್ತಾರೆ. ಅಲ್ಲಿ ನಗರಸಭೆ ಇರಬೇಕೆಂದಿಲ್ಲ. ಕೇರಳದಲ್ಲಿ ಇಂಥ ಪಟ್ಟಣಗಳು 2001ರಲ್ಲಿ 99 ಇದ್ದವು. 2011ಕ್ಕೆ 461 ಆದವು. ಆ ಹತ್ತು ವರ್ಷಗಳಲ್ಲಿ ರಾಜ್ಯದ ನಗರವಾಸಿಗಳ ಪ್ರಮಾಣ ಶೇ. 26ರಿಂದ ಸುಮಾರು ಶೇ. 48ಕ್ಕೆ ಏರಿದ್ದಕ್ಕೆ ಮುಖ್ಯ ಕಾರಣವೇ ಇದು. ಜನ ಹಳ್ಳಿ ಬಿಟ್ಟು ನಗರಕ್ಕೆ ಹೋಗಲಿಲ್ಲ. ಇದ್ದಲ್ಲೇ ಹಳ್ಳಿ ನಗರವಾಯಿತು. ನಮ್ಮಲ್ಲಿ ಕುಂಜತ್ತೂರು, ಹೊಸಬೆಟ್ಟು, ಕೂಡ್ಲು, ಶಿರಿಬಾಗಿಲುಗಳೆಲ್ಲ ಈ ಪಟ್ಟಿಯಲ್ಲಿವೆ. ಆದರೆ ಜಿಲ್ಲೆಯಲ್ಲಿರುವ ನಗರಸಭೆಗಳು ಮೂರೇ: ಕಾಸರಗೋಡು, ಕಾಞಂಗಾಡು, ನೀಲೇಶ್ವರ. ಉಳಿದದ್ದು 38 ಗ್ರಾಮ ಪಂಚಾಯತುಗಳು. 2015ರಲ್ಲಿ ಕೇರಳದ ನಗರಸಭೆಗಳ ಸಂಖ್ಯೆ 60ರಿಂದ 87ಕ್ಕೆ ಏರಿದಾಗಲೂ ಮಂಜೇಶ್ವರ ತಾಲೂಕಿಗೆ ಒಂದೂ ದಕ್ಕಲಿಲ್ಲ.

ಈಗ ನಡೆಯುತ್ತಿರುವ ಯೋಜನೆಯನ್ನೇ ನೋಡೋಣ. 2021ರಲ್ಲಿ ವಿಶ್ವ ಬ್ಯಾಂಕ್ ಕೇರಳದ ಘನತ್ಯಾಜ್ಯ ನಿರ್ವಹಣಾ ಯೋಜನೆಗೆ 10.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಬೀಜಿಂಗಿನಲ್ಲಿ ಕಚೇರಿ ಇರುವ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ ಅಷ್ಟೇ ಮೊತ್ತ ಸೇರಿಸಿತು. ರಾಜ್ಯದ ಪಾಲೂ ಕೂಡಿ ಒಟ್ಟು 30 ಕೋಟಿ ಡಾಲರಿನ ಯೋಜನೆ. ವ್ಯಾಪ್ತಿ 93 ನಗರ ಸ್ಥಳೀಯ ಸಂಸ್ಥೆಗಳು, ಅಂದರೆ ಆರು ಮಹಾನಗರಪಾಲಿಕೆಗಳು ಮತ್ತು 87 ನಗರಸಭೆಗಳು. ಕಸ ವಿಂಗಡಣೆಯ ವ್ಯವಸ್ಥೆ, ಯಂತ್ರಗಳು, ತಾಂತ್ರಿಕ ಸಿಬ್ಬಂದಿ, ಹಲವು ಊರುಗಳು ಕೂಡಿ ಬಳಸುವ ವಿಲೇವಾರಿ ಘಟಕಗಳು ಎಲ್ಲವೂ ಇದರಲ್ಲಿವೆ. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದು ಇಡೀ ನಗರ ದಿನಗಟ್ಟಲೆ ಹೊಗೆ ಕುಡಿದ ಮೇಲೆ ಇಂಥ ಯೋಜನೆ ಬೇಕೇ ಎಂದು ಯಾರೂ ಕೇಳುವ ಹಾಗಿಲ್ಲ.

ಕಾಸರಗೋಡು ನಗರಸಭೆ ಈ 93ರಲ್ಲಿ ಒಂದು. ಅದರ ಗಡಿಗೆ ತಾಗಿಕೊಂಡಿರುವ ಮಧೂರು ಪಂಚಾಯತಿನ ಕೂಡ್ಲು ಇಲ್ಲ. ಎಲ್ಲಿ ನಗರಸಭೆ ಮುಗಿದು ಎಲ್ಲಿ ಪಂಚಾಯತ್ ಆರಂಭವಾಗುತ್ತದೆಂದು ಅಲ್ಲಿನ ಅಂಗಡಿಗಳನ್ನು ನೋಡಿ ಹೇಳಲು ಯಾರಿಂದಲೂ ಆಗದು. ಎರಡೂ ಕಡೆ ಹರಿತ ಕರ್ಮ ಸೇನೆಯ ಹೆಂಗಸರೇ ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ, ಎರಡೂ ಕಡೆ ಮನೆಯವರು ಬಳಕೆದಾರ ಶುಲ್ಕ ಕೊಡುತ್ತಾರೆ. ಒಯ್ದ ಮೇಲೆ ಅದನ್ನು ಏನು ಮಾಡಬೇಕು ಎಂಬುದಕ್ಕೆ ಮಾತ್ರ ಒಂದು ಕಡೆ ವಿಶ್ವ ಬ್ಯಾಂಕಿನ ಹಣವಿದೆ. ಇನ್ನೊಂದು ಕಡೆ ಪಂಚಾಯತಿನ ಯೋಜನಾ ನಿಧಿ, ರಾಜ್ಯ ಮತ್ತು ಕೇಂದ್ರದ ಬೇರೆ ಯೋಜನೆಗಳಿಂದ ಸಿಕ್ಕಷ್ಟು. ಮಳೆಗಾಲದಲ್ಲಿ ಚರಂಡಿಗೆ ಬಿದ್ದ ಕಸವಂತೂ ನಗರಸಭೆಯ ಗಡಿ ನೋಡಿ ನಿಲ್ಲುವುದಿಲ್ಲ.

ಈ ‘ನೆರವು’ ದಾನವಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಗಡಿನಾಡಿನ ಸಭೆಗಳಲ್ಲಿ ‘ವಿಶ್ವ ಬ್ಯಾಂಕಿನವರು ಕೊಟ್ಟರು’ ಎಂಬ ಮಾತು ಆಗಾಗ ಕೇಳುತ್ತದೆ, ಯಾರೋ ಉದಾರಿಗಳು ಕೊಟ್ಟ ಹಾಗೆ. ಬಡ ದೇಶಗಳಿಗೆ ರಿಯಾಯಿತಿಯಲ್ಲಿ ಹಣ ಕೊಡುವ ವಿಶ್ವ ಬ್ಯಾಂಕಿನ ವಿಭಾಗದಿಂದ ಭಾರತ 2014ರಲ್ಲೇ ‘ಪಾಸಾಗಿ’ ಹೊರಬಂದಿದೆ. ಈಗ ಸಿಗುವುದು ಬಹುಪಾಲು ಮಾರುಕಟ್ಟೆಗೆ ಹತ್ತಿರದ ಬಡ್ಡಿಯ ಸಾಲ. ಸಂವಿಧಾನದ 293ನೇ ವಿಧಿಯ ಪ್ರಕಾರ ರಾಜ್ಯಗಳು ದೇಶದೊಳಗೆ ಮಾತ್ರ ಸಾಲ ಎತ್ತಬಹುದು. ಆದ್ದರಿಂದ ಹೊರದೇಶದ ಸಾಲವನ್ನು ಕೇಂದ್ರ ಸರಕಾರ ಪಡೆದು ರಾಜ್ಯಕ್ಕೆ ದಾಟಿಸುತ್ತದೆ. 2005ಕ್ಕಿಂತ ಮೊದಲು ಹೀಗೆ ದಾಟಿಸುವಾಗ ಕೇರಳದಂಥ ರಾಜ್ಯಗಳಿಗೆ ಶೇ. 30ರಷ್ಟು ಅನುದಾನವಾಗಿಯೂ ಶೇ. 70ರಷ್ಟು ಸಾಲವಾಗಿಯೂ ಕೊಡುತ್ತಿದ್ದರು. 12ನೇ ಹಣಕಾಸು ಆಯೋಗದ ಶಿಫಾರಸಿನ ನಂತರ ಆ ಪದ್ಧತಿ ಹೋಯಿತು. ಹೊರಗಿನ ಬ್ಯಾಂಕ್ ಯಾವ ಷರತ್ತಿಗೆ ಕೊಟ್ಟಿತೋ ಅದೇ ಷರತ್ತಿಗೆ ರಾಜ್ಯಕ್ಕೆ ಬರುತ್ತದೆ. ಡಾಲರಿನ ಎದುರು ರೂಪಾಯಿ ಇಳಿದರೆ ಹೆಚ್ಚುವರಿ ಹೊರೆಯೂ ರಾಜ್ಯದ್ದೇ.

ಹಾಗಾದರೆ ತೀರಿಸುವವರು ಯಾರು? ಕೇರಳದ ತೆರಿಗೆದಾರರೆಲ್ಲರೂ, ಮಂಗಲ್ಪಾಡಿಯವರೂ ಸೇರಿ. ಸಾಲದಲ್ಲಿ ಪಾಲಿದ್ದು ಸೌಲಭ್ಯದಲ್ಲಿ ಪಾಲಿಲ್ಲ ಎಂಬುದು ಭಾವನೆಯ ದೂರಲ್ಲ, ಶುದ್ಧ ಲೆಕ್ಕದ ಮಾತು.

ಅಂತಾರಾಷ್ಟ್ರೀಯ ಒಪ್ಪಂದಗಳ ಕಾಗದದಲ್ಲಿ ಈ ಕೊರತೆ ಇಲ್ಲ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹನ್ನೊಂದನೆಯದು ನಗರಗಳ ಕುರಿತದ್ದು. ಅದರಡಿ ನಗರ, ನಗರದ ಅಂಚು ಮತ್ತು ಹಳ್ಳಿಗಳ ನಡುವಿನ ನಂಟನ್ನು ಬೆಂಬಲಿಸಬೇಕೆಂಬ ಉಪಗುರಿಯೂ ಇದೆ. 2016ರಲ್ಲಿ ಈಕ್ವೆಡಾರಿನ ಕೀಟೋದಲ್ಲಿ ಒಪ್ಪಿದ ‘ಹೊಸ ನಗರ ಕಾರ್ಯಸೂಚಿ’ ಸಹ ಅದನ್ನೇ ವಿಸ್ತಾರವಾಗಿ ಹೇಳುತ್ತದೆ. ಆದರೆ ಸಾಲದ ಒಪ್ಪಂದ ಬರೆಯುವಾಗ ಬ್ಯಾಂಕಿನವರಿಗೆ ಸಹಿ ಹಾಕುವವರು ಯಾರು, ಲೆಕ್ಕ ಕೊಡುವವರು ಯಾರು ಎಂಬ ಖಚಿತತೆ ಬೇಕು. ನಗರಸಭೆ ಎಂದರೆ ಅವರಿಗೆ ಅರ್ಥವಾಗುತ್ತದೆ. ಗ್ರಾಮ ಪಂಚಾಯತಿನೊಳಗಿನ ಪೇಟೆ ಅವರ ಯಾವ ನಮೂನೆಯ ಕಾಲಮಿಗೂ ಹೊಂದುವುದಿಲ್ಲ. ಇದರಲ್ಲಿ ಕೇರಳದ ಪಾಲೂ ಇದೆ. 2005ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಮಂಜೂರು ಮಾಡಿದ 22.12 ಕೋಟಿ ಡಾಲರಿನ ಯೋಜನೆಯ ಹೆಸರೇ ‘ಕೇರಳ ಸುಸ್ಥಿರ ನಗರಾಭಿವೃದ್ಧಿ ಯೋಜನೆ’. ಹೆಸರಿನಲ್ಲಿ ಇಡೀ ಕೇರಳ; ವ್ಯಾಪ್ತಿಯಲ್ಲಿ ತಿರುವನಂತಪುರ, ಕೊಲ್ಲಂ, ಕೊಚ್ಚಿ, ತ್ರಿಶೂರು, ಕೋಝಿಕ್ಕೋಡು. ಅದರಿಂದ ಉತ್ತರಕ್ಕೆ ಒಂದು ಪೈಪೂ ಬರಲಿಲ್ಲ. ಬಂದಲ್ಲಿಯೂ ಷರತ್ತುಗಳ ರಾಜಕೀಯ ಜಗಳ, ಟೆಂಡರಿನ ವಿಳಂಬ ಎಂದು ಮೂಲ ಗಡುವು ದಾಟಿ ಎಳೆದಾಡಿತು.

ಪಂಚಾಯತುಗಳಿಗೆ ಹೊರದೇಶದ ಹಣ ಮುಟ್ಟಿಸಲು ಸಾಧ್ಯವೇ ಇಲ್ಲ ಎಂದೇನೂ ಅಲ್ಲ. ಇದನ್ನು ಕೇರಳವೇ ಮಾಡಿ ತೋರಿಸಿದೆ, ಮತ್ತು ಈ ಉದಾಹರಣೆಯನ್ನು ಯಾರೂ ನೆನಪಿಸಿಕೊಳ್ಳದಿರುವುದು ನನಗೆ ಸೋಜಿಗ. 2011ರಲ್ಲಿ ವಿಶ್ವ ಬ್ಯಾಂಕಿನ 20 ಕೋಟಿ ಡಾಲರ್ ನೆರವಿನಿಂದ ಆರಂಭವಾದ ಸ್ಥಳೀಯಾಡಳಿತ ಮತ್ತು ಸೇವಾ ಸುಧಾರಣಾ ಯೋಜನೆಯಲ್ಲಿ ಆಗಿನ 978 ಗ್ರಾಮ ಪಂಚಾಯತುಗಳೂ 60 ನಗರಸಭೆಗಳೂ ಒಟ್ಟಿಗೆ ಇದ್ದವು. ಬಿಟ್ಟದ್ದು ಮಹಾನಗರಪಾಲಿಕೆಗಳನ್ನು. ಯಾವ ಕಾಮಗಾರಿ ಬೇಕೆಂದು ವಾಷಿಂಗ್ಟನ್ ಹೇಳಲಿಲ್ಲ. ಬಜೆಟ್ಟನ್ನು ಹೊತ್ತಿಗೆ ಸರಿಯಾಗಿ ಪಾಸು ಮಾಡಿದ್ದೀರಾ, ಲೆಕ್ಕಪತ್ರ ಪರಿಶೋಧನೆಗೆ ಕೊಟ್ಟಿದ್ದೀರಾ ಎಂದಷ್ಟೇ ಕೇಳಿ, ಹೌದಾದರೆ ಪ್ರೋತ್ಸಾಹದ ಅನುದಾನ ಕೊಟ್ಟರು. ಹಣವನ್ನು ರಸ್ತೆಗೋ ಅಂಗನವಾಡಿಗೋ ಸ್ಮಶಾನಕ್ಕೋ ಬಳಸುವ ತೀರ್ಮಾನ ಸ್ಥಳೀಯರದ್ದು. 1996ರ ಜನಕೀಯ ಯೋಜನೆಯಿಂದಲೇ ಪಂಚಾಯತುಗಳಿಗೆ ಯೋಜನಾ ನಿಧಿ ಹಂಚಿದ ರಾಜ್ಯದಲ್ಲಿ ಇದು ಸಹಜವಾಗಿಯೇ ಹೊಂದಿಕೊಂಡಿತು. ಅಂದರೆ ಬ್ಯಾಂಕಿಗೆ ಪಂಚಾಯತಿನ ಜೊತೆ ವ್ಯವಹರಿಸಲು ಬರುವುದಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ‘ನಗರ’ ಎಂಬ ಶೀರ್ಷಿಕೆಯಡಿ ಬರುವಾಗ ಮಾತ್ರ ಅದಕ್ಕೆ ಪಂಚಾಯತ್ ಕಾಣುವುದಿಲ್ಲ.

ರಸ್ತೆಯ ವಿಷಯದಲ್ಲೂ ಹೀಗೆಯೇ. ಚಂದ್ರಗಿರಿ ಸೇತುವೆಯ ಮೂಲಕ ಕಾಸರಗೋಡಿನಿಂದ ಕಾಞಂಗಾಡಿಗೆ ಹೋಗುವ ರಾಜ್ಯ ರಸ್ತೆಯನ್ನು ನಾವೆಲ್ಲ ‘ಕೆಎಸ್‌ಟಿಪಿ ರಸ್ತೆ’ ಎನ್ನುತ್ತೇವೆ. ಅದು ಕೇರಳ ರಾಜ್ಯ ಸಾರಿಗೆ ಯೋಜನೆಯಡಿ, 2013ರ ವಿಶ್ವ ಬ್ಯಾಂಕ್ ಸಾಲದಲ್ಲಿ ಆದದ್ದು. ಚೆಮ್ನಾಡು, ಉದುಮ, ಪಳ್ಳಿಕ್ಕರೆ, ಅಜಾನೂರು ಎಂದು ಪಂಚಾಯತುಗಳ ನಡುವೆಯೇ ಹಾಯುತ್ತದೆ. ಡಾಂಬರು ಹಾಕುವಾಗ ಯಾರೂ ಇದು ಹಳ್ಳಿಯೋ ಪಟ್ಟಣವೋ ಎಂದು ಕೇಳಲಿಲ್ಲ.

ತಲಪಾಡಿಯ ಆಚೆಗಿನವರಿಗೆ ಈ ಬಗೆಯ ಸಾಲದ ಅನುಭವ ನಮಗಿಂತ ಹೆಚ್ಚು. 1999ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಕರ್ನಾಟಕದ ಕರಾವಳಿ ನಗರಾಭಿವೃದ್ಧಿ ಮತ್ತು ಪರಿಸರ ನಿರ್ವಹಣಾ ಯೋಜನೆಗೆ 17.5 ಕೋಟಿ ಡಾಲರ್ ಕೊಟ್ಟಿತು. ಮಂಗಳೂರು, ಉಳ್ಳಾಲ, ಪುತ್ತೂರು, ಉಡುಪಿ, ಕುಂದಾಪುರದಿಂದ ಕಾರವಾರ, ದಾಂಡೇಲಿವರೆಗೆ ಹತ್ತು ಊರುಗಳು ಅದರಲ್ಲಿದ್ದವು. ಇಲ್ಲಿ ಗಮನಿಸಬೇಕಾದದ್ದು ಪುತ್ತೂರು, ಅಂಕೋಲಾದಂಥ ಸಣ್ಣ ಊರುಗಳಿಗೂ ಜಾಗ ಸಿಕ್ಕಿದ್ದು. ಅದಕ್ಕೆ ಕಾರಣ ಕರ್ನಾಟಕದ ಔದಾರ್ಯವಲ್ಲ. ಸಣ್ಣ ಊರಿಗೂ ನಗರದ ಸ್ಥಾನ ಕೊಡುವ ವ್ಯವಸ್ಥೆ ಮತ್ತು ಎಲ್ಲರ ಪರವಾಗಿ ಸಾಲ ನಿಭಾಯಿಸಲು 1993ರಲ್ಲೇ ಹುಟ್ಟಿದ ಪ್ರತ್ಯೇಕ ನಿಗಮ. ಈಚಿನ ಕುಡಿಯುವ ನೀರಿನ ‘ಜಲಸಿರಿ’ ಯೋಜನೆಯೂ ಅದೇ ಬ್ಯಾಂಕಿನ ಸಾಲದ್ದು, ಅದೇ ನಿಗಮದ ಮೂಲಕ ಬಂದದ್ದು.

ಹಾಗೆಂದು ಮಂಗಳೂರನ್ನು ನೋಡಿ ಹೊಟ್ಟೆಕಿಚ್ಚು ಪಡುವ ಅಗತ್ಯವೂ ಇಲ್ಲ. ಒಳಚರಂಡಿಗೆ ಅಷ್ಟು ಹಣ ಸುರಿದ ಮೇಲೂ ಅಲ್ಲಿ ಕೊಳವೆ ಜಾಲದ ನಡುನಡುವೆ ಕೂಡಿಸದೆ ಬಿಟ್ಟ ಕೊಂಡಿಗಳ ಮಾತು ಪಾಲಿಕೆಯ ಸಭೆಗಳಲ್ಲಿ ವರ್ಷಗಟ್ಟಲೆ ನಡೆಯಿತು. ಪಚ್ಚನಾಡಿಯ ಕಸದ ರಾಶಿ 2019ರ ಆಗಸ್ಟಿನ ಮಳೆಗೆ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಹರಿಯಿತು. ಸಾಲ ಕಟ್ಟಡವನ್ನು ತರುತ್ತದೆ. ಅದನ್ನು ನಡೆಸುವ ಜನ, ದುರಸ್ತಿಯ ಹಣ, ದಿನದಿನದ ಮೇಲ್ವಿಚಾರಣೆ ಸಾಲದ ಅವಧಿ ಮುಗಿದ ಮೇಲೆ ಸ್ಥಳೀಯರ ಕೈಯಲ್ಲೇ ಉಳಿಯುತ್ತದೆ. ಕಾಸರಗೋಡಿನ ಕಸದ ಯೋಜನೆಗೂ ಈ ಪರೀಕ್ಷೆ ತಪ್ಪಿದ್ದಲ್ಲ.

ಗಡಿಯ ಸಮಸ್ಯೆ ಅತಿ ಸ್ಪಷ್ಟವಾಗಿ ಕಾಣುವುದು ಕಡಲ ತೀರದಲ್ಲಿ. 2010ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಪಶ್ಚಿಮ ಕರಾವಳಿಯ ಕಡಲ್ಕೊರೆತ ತಡೆಯಲು ಒಂದು ಕಾರ್ಯಕ್ರಮ ಮಂಜೂರು ಮಾಡಿತು. ಉಳ್ಳಾಲದಲ್ಲಿ ಸಮುದ್ರದೊಳಗೆ ರೀಫ್, ದಡದಲ್ಲಿ ಬರ್ಮ್ ಎಂದು ಕಲ್ಲಿನ ಕಟ್ಟೆಗಳು ಎದ್ದದ್ದು ಅದರಿಂದ. ಮರಳು ದಡದುದ್ದಕ್ಕೂ ಚಲಿಸುತ್ತಿರುತ್ತದೆ; ಒಂದೆಡೆ ಗಟ್ಟಿ ಕಟ್ಟೆ ಹಾಕಿದರೆ ಪಕ್ಕದ ದಡಕ್ಕೆ ಬರಬೇಕಾದ ಮರಳು ಕಡಿಮೆಯಾಗಬಹುದು ಎಂಬುದು ಕರಾವಳಿ ಎಂಜಿನಿಯರಿಂಗಿನ ಮೊದಲ ಪಾಠ. ಉಳ್ಳಾಲದ ದಕ್ಷಿಣಕ್ಕೆ ಉಚ್ಚಿಲ ಬಟ್ಟಪ್ಪಾಡಿಯಲ್ಲಿ ಮಳೆಗಾಲಗಳಲ್ಲಿ ದಡ ಕುಸಿದು ರಸ್ತೆ, ಮನೆಗಳು ಹೋಗಿರುವುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಅದಕ್ಕೂ ದಕ್ಷಿಣಕ್ಕೆ ರಾಜ್ಯದ ಗಡಿ, ಗಡಿಯಾಚೆ ಕುಂಜತ್ತೂರು, ಮಂಜೇಶ್ವರದ ಮೀನುಗಾರಿಕಾ ಬಂದರು, ಕಡಲ್ಕೊರೆತಕ್ಕೆ ಹೆಸರಾದ ಮುಸೋಡಿ. ಉಳ್ಳಾಲದ ಕಟ್ಟೆ, ಬಂದರಿನ ಅಲೆತಡೆಗೋಡೆ, ಸಹಜ ಪ್ರವಾಹ ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಹೇಳಬೇಕಾದರೆ ಉಳ್ಳಾಲದಿಂದ ಕುಂಬಳೆಯವರೆಗಿನ ದಡವನ್ನು ಒಂದೇ ತುಂಡಾಗಿ ಅಳೆಯಬೇಕು. ಆ ಸಾಲದ ಕಾರ್ಯಕ್ರಮದಲ್ಲಿ ಕೇರಳ ಇಲ್ಲದ್ದರಿಂದ ಅದರ ಕೆಲಸ ತಲಪಾಡಿಗೇ ನಿಲ್ಲುತ್ತದೆ. ಕೇರಳದ ಕಡಲ ರಕ್ಷಣೆಯ ಯೋಜನೆಗಳು ತಿರುವನಂತಪುರದಿಂದ ಹೊರಟು ಉತ್ತರದ ತುದಿಗೆ ತಲುಪುವಾಗ ಸುಸ್ತಾಗಿರುತ್ತವೆ.

ಯುರೋಪಿನಲ್ಲಿ ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. 1990ರಿಂದ ನಡೆಯುತ್ತಿರುವ ‘ಇಂಟರ್‌ರೆಗ್’ ಕಾರ್ಯಕ್ರಮದಲ್ಲಿ ಗಡಿಯ ಎರಡೂ ಬದಿಯ ಸ್ಥಳೀಯ ಸಂಸ್ಥೆಗಳು ಜೊತೆಯಾಗಿ ಅರ್ಜಿ ಹಾಕಿದರೆ ಐರೋಪ್ಯ ಒಕ್ಕೂಟ ಹಣ ಕೊಡುತ್ತದೆ. ಅಲ್ಲಿ ದೇಶಗಳ ನಡುವಿನ ಗಡಿ. ನಮ್ಮಲ್ಲಿ ಒಂದೇ ದೇಶದ ಎರಡು ಜಿಲ್ಲೆಗಳು, ಆದರೂ ಮಂಗಲ್ಪಾಡಿಯೂ ಉಳ್ಳಾಲವೂ ಸೇರಿ ಒಂದು ಪ್ರಸ್ತಾವ ಕಳಿಸಲು ನೇರ ದಾರಿ ಇಲ್ಲ. ರಾಜ್ಯ ಪುನರ್ವಿಂಗಡಣೆಯ ಕಾಯಿದೆಯೇ 1956ರಲ್ಲಿ ಹುಟ್ಟುಹಾಕಿದ ದಕ್ಷಿಣ ವಲಯ ಮಂಡಳಿಯಲ್ಲಿ ಎರಡೂ ರಾಜ್ಯಗಳಿವೆ. ಅಲ್ಲಿ ನದಿನೀರು, ರಾಜಧಾನಿಗಳ ಜಗಳಗಳಿಗೆ ಸಿಗುವ ಹೊತ್ತು ಬಟ್ಟಪ್ಪಾಡಿ–ಮುಸೋಡಿಯಂಥವುಗಳಿಗೆ ಸಿಕ್ಕೀತೆಂಬ ಭರವಸೆ ನನಗಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಹೆಸರಿನಲ್ಲಿ ತಲಪಾಡಿ ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ರೋಗಿಗಳು ಆಂಬುಲೆನ್ಸಿನಲ್ಲೇ ಸಿಲುಕಿದರು, ಸಾವುಗಳೂ ಆದವು, ಪ್ರಕರಣ ಹೈಕೋರ್ಟಿನವರೆಗೆ ಹೋಯಿತು. ಮಂಜೇಶ್ವರ ತಾಲೂಕಿನ ನಿಜವಾದ ನಗರ ಯಾವುದು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷ್ಯ ಬೇಕಿಲ್ಲ.

ಈವರೆಗೆ ಬ್ಯಾಂಕುಗಳ ಮಾತಾಡಿದೆ. ಆದರೆ ಕಾಸರಗೋಡಿನ ಪೇಟೆಗಳನ್ನು ಕಟ್ಟಿದ ಹೊರದೇಶದ ಹಣ ಬ್ಯಾಂಕುಗಳದ್ದಲ್ಲ, ಗಲ್ಫಿನದು. ಕೇರಳ ವಲಸೆ ಸಮೀಕ್ಷೆಯ ಅಂದಾಜಿನಂತೆ 2023ರಲ್ಲಿ ರಾಜ್ಯಕ್ಕೆ ಹೊರದೇಶಗಳಿಂದ ಬಂದ ಹಣ ಸುಮಾರು 2.16 ಲಕ್ಷ ಕೋಟಿ ರೂಪಾಯಿ. ದೇಶದ ಲೆಕ್ಕ ತೆಗೆದರೆ, ವಿಶ್ವ ಬ್ಯಾಂಕಿನ ಅಂದಾಜಿನ ಪ್ರಕಾರ 2024ರಲ್ಲಿ ಭಾರತಕ್ಕೆ ವಲಸಿಗರು ಕಳಿಸಿದ್ದು 12,900 ಕೋಟಿ ಡಾಲರಿನಷ್ಟು. ಅದೇ ವರ್ಷ ಶ್ರೀಮಂತ ದೇಶಗಳೆಲ್ಲ ಸೇರಿ ಇಡೀ ಜಗತ್ತಿಗೆ ಕೊಟ್ಟ ಅಧಿಕೃತ ಅಭಿವೃದ್ಧಿ ನೆರವು 21,210 ಕೋಟಿ ಡಾಲರ್, ಅದೂ ಹಿಂದಿನ ವರ್ಷಕ್ಕಿಂತ ಶೇ. 7ರಷ್ಟು ಕಡಿಮೆ. ರಾಷ್ಟ್ರೀಯ ಆದಾಯದ ಶೇ. 0.7ನ್ನು ನೆರವಾಗಿ ಕೊಡುತ್ತೇವೆಂದು 1970ರಲ್ಲಿ ವಿಶ್ವಸಂಸ್ಥೆಯಲ್ಲಿ ಹೇಳಿದ ಮಾತನ್ನು ಬೆರಳೆಣಿಕೆಯ ದೇಶಗಳು ಮಾತ್ರ ಉಳಿಸಿಕೊಂಡಿವೆ. ಮರುಭೂಮಿಯ ಬಿಸಿಲಲ್ಲಿ ದುಡಿದವರ ಉಳಿತಾಯವೇ ಈ ಜಿಲ್ಲೆಗೆ ದೊಡ್ಡ ಅಂತಾರಾಷ್ಟ್ರೀಯ ನೆರವು. ಅದಕ್ಕೆ ಯಾವ ಸಮ್ಮೇಳನದಲ್ಲೂ ಚಪ್ಪಾಳೆ ಇಲ್ಲ.

ಈ ಹಣದಿಂದ ಏಳುವುದು ಮನೆ, ವಾಣಿಜ್ಯ ಸಂಕೀರ್ಣ, ಮದುವೆ ಹಾಲ್. ಚರಂಡಿ, ಮಲದ ಕೆಸರಿನ ಸಂಸ್ಕರಣೆ, ಕಾಲುದಾರಿಗಳಿಗೆ ಅದು ತಾನಾಗಿ ಹೋಗುವುದಿಲ್ಲ. ಮುರಕಲ್ಲಿನ ನೆಲ ನೀರನ್ನು ಬೇಗ ಹೀರುತ್ತದೆ, ಹಿತ್ತಲಿಗೊಂದು ಬಾವಿ, ಹತ್ತಿರದಲ್ಲೇ ಶೌಚಗುಂಡಿ. ಮನೆಗಳು ಹತ್ತಿರವಾದಷ್ಟೂ ಬಾವಿಯ ನೀರು ಕೆಡುವ ಅಪಾಯ ಹೆಚ್ಚು. ಮನೆ ಎಷ್ಟೇ ದೊಡ್ಡದಿರಲಿ, ಈ ಅಪಾಯವನ್ನು ಒಬ್ಬರೇ ಕಾಂಪೌಂಡಿನೊಳಗೆ ಪರಿಹರಿಸಿಕೊಳ್ಳಲಾಗದು. ಖಾಸಗಿ ಹಣವನ್ನು ಸಾರ್ವಜನಿಕ ಕೆಲಸಕ್ಕೆ ತಿರುಗಿಸುವ ಸಾಧನ ಕಟ್ಟಡ ತೆರಿಗೆ ಮತ್ತು ಪರವಾನಗಿ ಶುಲ್ಕ. 2023ರಲ್ಲಿ ಕೇರಳ ಎರಡನ್ನೂ ಏರಿಸಿತು. ಜನರ ಸಿಟ್ಟು ಕಂಡು 2024ರಲ್ಲಿ ಪರವಾನಗಿ ಶುಲ್ಕವನ್ನು ಬಹಳಷ್ಟು ಇಳಿಸಿತು. ಸಿಟ್ಟಿಗೆ ಕಾರಣವಿತ್ತು: ಕೊಟ್ಟ ಹಣ ತಮ್ಮ ಓಣಿಗೆ ಮರಳಿದ್ದನ್ನು ಜನ ನೋಡಿರಲಿಲ್ಲ. ಬ್ಯಾಂಕುಗಳ ಸಾಲಕ್ಕೆ ನಿಜವಾದ ಉಪಯೋಗ ಇಲ್ಲಿದೆ ಎಂದು ನನಗೆ ತೋರುತ್ತದೆ. ಮೊದಲ ಘಟಕವನ್ನು ಸಾಲದಿಂದ ಕಟ್ಟಿ ಅದು ಕೆಲಸ ಮಾಡುವುದನ್ನು ತೋರಿಸಿದರೆ, ಅದರ ನಿರ್ವಹಣೆಗೆ ತೆರಿಗೆ ಕೇಳುವ ಮುಖ ಪಂಚಾಯತಿಗೆ ಇರುತ್ತದೆ.

ಇನ್ನೊಂದು ಸಣ್ಣ ವಿಷಯ, ಗಡಿನಾಡಿನವರಿಗೆ ಸಣ್ಣದಲ್ಲ. 2018ರಿಂದ ಜಾರಿಯಲ್ಲಿರುವ ವಿಶ್ವ ಬ್ಯಾಂಕಿನ ಪರಿಸರ–ಸಾಮಾಜಿಕ ನಿಯಮಗಳು, ಯೋಜನೆಯ ಮಾಹಿತಿಯನ್ನು ಸ್ಥಳೀಯ ಭಾಷೆಗಳಲ್ಲಿ, ಜನರಿಗೆ ಎಟುಕುವಂತೆ ಕೊಡಬೇಕೆನ್ನುತ್ತವೆ. ಸರಕಾರದೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕನ್ನು ಇಲ್ಲಿನ ಭಾಷಾ ಅಲ್ಪಸಂಖ್ಯಾತರಿಗೆ 1969ರ ಕೇರಳದ ಅಧಿಕೃತ ಭಾಷಾ ಕಾನೂನು ಕೊಟ್ಟಿದೆ. ಎರಡನ್ನೂ ಕೂಡಿಸಿದರೆ, ಕಾಸರಗೋಡಿನ ಯಾವುದೇ ಹೊರದೇಶದ ಸಾಲದ ಯೋಜನೆಯ ಸಾರಾಂಶ, ದೂರು ನಮೂನೆ, ಅಹವಾಲು ಸಭೆಯ ಪ್ರಕಟಣೆ ಕನ್ನಡದಲ್ಲೂ ಬೇಕೆಂದು ಕೇಳಲು ಗಟ್ಟಿಯಾದ ಆಧಾರವಿದೆ. ಕನ್ನಡ ಸಂಘಟನೆಗಳು ಶಾಲೆ, ಅಧ್ಯಾಪಕರ ನೇಮಕ, ನಾಮಫಲಕಗಳಿಗೆ ಹೋರಾಡಿದಷ್ಟು ಗಟ್ಟಿಯಾಗಿ ಇದನ್ನು ಕೇಳಿದ್ದು ನನಗಂತೂ ಕೇಳಿಸಿಲ್ಲ.

ಹಾಗಾದರೆ ಉಪ್ಪಳವನ್ನೋ ಕುಂಬಳೆಯನ್ನೋ ನಗರಸಭೆ ಮಾಡಿಬಿಟ್ಟರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಕೇಳಿದಷ್ಟು ಸುಲಭವಲ್ಲ. ಪೇಟೆಯ ಸುತ್ತ ಈಗಲೂ ಕಂಗು, ತೆಂಗು, ಗದ್ದೆ ಇವೆ. ನಗರಸಭೆಯಾದರೆ ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ಹೋಗುತ್ತದೆ. ಕೇರಳದ ಅಯ್ಯಂಕಾಳಿ ನಗರ ಉದ್ಯೋಗ ಖಾತರಿ ಯೋಜನೆ ಇದ್ದರೂ ಅದರ ಹಣದ ಬಲ ಅಷ್ಟಿಲ್ಲ. ತೆರಿಗೆ ಏರುತ್ತದೆಂಬ ಅಂಜಿಕೆ ಬೇರೆ. ಕರ್ನಾಟಕದ ಪಟ್ಟಣ ಪಂಚಾಯತಿನಂಥ ನಡುವಿನ ಮೆಟ್ಟಿಲು ಕೇರಳದಲ್ಲಿಲ್ಲ. ಸಂವಿಧಾನದ 243ಕ್ಯೂ ವಿಧಿ ಅದಕ್ಕೆ ಅವಕಾಶ ಕೊಟ್ಟರೂ ರಾಜ್ಯ ಬಳಸಿಕೊಂಡಿಲ್ಲ.

ಆದ್ದರಿಂದ ಸ್ಥಾನ ಬದಲಾಗುವುದನ್ನು ಕಾಯುವುದಕ್ಕಿಂತ ಅರ್ಹತೆಯ ನಿಯಮ ಬದಲಿಸುವಂತೆ ಕೇಳುವುದೇ ಹತ್ತಿರದ ದಾರಿ. ಮುಂದಿನ ಸಾಲದ ಮಾತುಕತೆಯಲ್ಲಿ ‘ನಗರಸಭೆ’ ಎಂಬ ಪದದ ಜೊತೆ ‘ಜನಗಣತಿ ಪಟ್ಟಣಗಳಿರುವ ಗ್ರಾಮ ಪಂಚಾಯತುಗಳ ಗುಂಪು’ ಎಂದು ಸೇರಿಸಲು 2011ರ ಯೋಜನೆಯೇ ಪೂರ್ವನಿದರ್ಶನ. ನಗರ ಮತ್ತು ಗ್ರಾಮಗಳ ಯೋಜನೆಗಳನ್ನು ಒಟ್ಟುಗೂಡಿಸುವುದು ಸಂವಿಧಾನವೇ ಜಿಲ್ಲಾ ಯೋಜನಾ ಸಮಿತಿಗೆ ವಹಿಸಿದ ಕೆಲಸ. ಮಂಜೇಶ್ವರ, ಮಂಗಲ್ಪಾಡಿ, ಕುಂಬಳೆ ಪಂಚಾಯತುಗಳು ಕೂಡಿ ಮಲದ ಕೆಸರು ಮತ್ತು ಕಸಕ್ಕೆ ಒಂದು ಪ್ರಸ್ತಾವ ತಯಾರಿಸಿ ಆ ಸಮಿತಿಯ ಮುಂದೆ ಇಡಬಹುದು, ಅದಕ್ಕೆ ಯಾವ ಬ್ಯಾಂಕಿನ ಅನುಮತಿಯೂ ಬೇಡ. ಆಗ ಎದುರಾಗುವ ಮೊದಲ ಪ್ರಶ್ನೆ ಘಟಕದ ಜಾಗ. ಕಸದ ಘಟಕ ಬೇಕೆನ್ನುವವರೆಲ್ಲ ಅದು ಪಕ್ಕದ ವಾರ್ಡಿನಲ್ಲಿರಲಿ ಎನ್ನುತ್ತಾರೆ, ಮತ್ತು ತಕರಾರಿಲ್ಲದ ಜಾಗ ಕಾಗದದಲ್ಲಿ ಕಾಣದೆ ಹೊರದೇಶದ ಯಾವ ಬ್ಯಾಂಕೂ ಟೆಂಡರಿಗೆ ಒಪ್ಪಿಗೆ ಕೊಡುವುದಿಲ್ಲ. ಸಾಲದ ಅರ್ಜಿಗಿಂತ ಮೊದಲು ಮೂರೂ ಪಂಚಾಯತುಗಳ ಗ್ರಾಮಸಭೆಗಳಲ್ಲಿ ತೀರ್ಮಾನವಾಗಬೇಕಾದದ್ದು ಆ ಜಾಗ.